ಬೀರಣ್ಣನ ಕಡಲತೀರದ ಪಾಲಿಸಿ

ಬೀರಣ್ಣನ ತಲೆಯ ಮೇಲೆ ಕಾಗೆ ಕೂತಿತು ಎಂದು ಆಮೇಲೆ ಊರೆಲ್ಲ ಹೇಳಿತು. ಅದು ಸುಳ್ಳು. ಕೂತಿರಲಿಲ್ಲ. ಬೇವಿನ ಟೊಂಗೆಯಿಂದ ಹಾರುವಾಗ ಕಾಲು ತಾಕಿಸಿತ್ತು, ಅಷ್ಟೇ. ತುಂಬಿದ ಬಸ್ಸಿನಲ್ಲಿ ಇಳಿಯುವವರು ತಾಕಿಸಿಕೊಂಡು ಹೋಗುತ್ತಾರಲ್ಲ, ಹಾಗೆ. ಕೆನ್ನೆಗೆ ಸೋಪು ಹಚ್ಚಿಕೊಂಡು ಅಂಗಳದಲ್ಲಿ ಕೂತಿದ್ದ ಬೀರಣ್ಣ ತಲೆ ಒರೆಸಿಕೊಂಡು ಇನ್ನೊಂದು ಕೆನ್ನೆಗೆ ಹೋಗಿಬಿಡುತ್ತಿದ್ದ. ಆದರೆ ಮೋಟುಗೋಡೆಯ ಆಚೆ ರೇಣಮ್ಮ ಪಾತ್ರೆ ತಿಕ್ಕುತ್ತಿದ್ದಳು. ರಂಗಂಪೇಟೆಯಲ್ಲಿ ರೇಣಮ್ಮ ನೋಡಿದ್ದು ನಡೆದೇ ಇಲ್ಲ ಎನ್ನುವ ಧೈರ್ಯ ಯಾರಿಗೂ ಇಲ್ಲ.

"ಏ ಮೌನಮ್ಮಾ! ಹೊರಗ ಬಾರವ್ವ! ನಿನ್ನ ಗಂಡಗ ಕಾಗಿ ಮುಟ್ಟೇದ!"

ಮೌನಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ಅವಳ ಹೆಸರು ತಿಂಥಣಿಯ ಮೌನೇಶ್ವರನದು. ಬಾಯಿ ಮಾತ್ರ ತವರೂರು ಕಕ್ಕೇರಾದ್ದು, ಸುಮ್ಮನಿರದು.

"ಮುಟ್ಟಿದ್ರ ಮುಟ್ಟವಲ್ದ್ಯಾಕ. ಈ ಊರಾಗ ಇವನ್ನ ಅದಾದ್ರೂ ಒಂದು ಮುಟ್ಟಿ ಮಾತಾಡಿಸ್ತು."

"ನಗಬ್ಯಾಡ. ಇದು ಯಮನ ಸಮನ್ಸು."

ಬೀರಣ್ಣನಿಗೆ ನಗು ಬರಲಿಲ್ಲ. ಅವನು ಅಂದು ಗಡ್ಡ ಕೆರೆದುಕೊಳ್ಳುತ್ತಿದ್ದುದೇ ಸಾಯದಿರುವ ಏರ್ಪಾಟಿಗಾಗಿ.

ಬೀರಣ್ಣನ ನಿಜವಾದ ಹೆಸರು ವೀರಬಹಾದುರ. ನೇಪಾಳದ ಯಾವುದೋ ಗುಡ್ಡದಿಂದ ಮೀಸೆ ಮೂಡುವ ಮುಂಚೆ ಹೊರಟವನು, ನಿದ್ದೆಗಣ್ಣಿನಲ್ಲಿ ಯಾದಗಿರಿಯಲ್ಲಿ ರೈಲಿಳಿದು, ಅಲ್ಲಿಂದ ಸುರಪುರಕ್ಕೆ ಬಂದು, ರಂಗಂಪೇಟೆಯ ಬಜಾರಿಗೆ ರಾತ್ರಿ ಕಾವಲುಗಾರನಾದ. ಅಷ್ಟುದ್ದದ ಹೆಸರು ಕರೆಯುವ ಪುರುಸೊತ್ತು ಬಜಾರಿಗೆ ಇರಲಿಲ್ಲ, ಬೀರಣ್ಣ ಮಾಡಿತು. ಅಂಗಡಿಗಳಲ್ಲಿ ಕಾಳು ಹಸನು ಮಾಡಲು ಬರುತ್ತಿದ್ದ ಮೌನಮ್ಮ ಅವನನ್ನು ಗಂಡ ಮಾಡಿಕೊಂಡಳು. ಮಕ್ಕಳಾಗಲಿಲ್ಲ. ಮೂವತ್ತು ವರ್ಷದಲ್ಲಿ ಅವನ ನೇಪಾಳಿ ಸವೆದು ಸವೆದು ಬಾಯಲ್ಲಿ ಸೀಟಿಯೊಂದೇ ಉಳಿಯಿತು. ಕನಸು, ಬೈಗುಳ, ಲೆಕ್ಕ ಎಲ್ಲವೂ ಸುರಪುರದ ಮಾತಿಗೆ ಬಂದವು. ಊರು ಅವನಿಗೆ ಎಲ್ಲ ಕೊಟ್ಟಿತ್ತು: ಹೆಸರು, ಹೆಂಡತಿ, ಹಬ್ಬದ ಹೋಳಿಗೆ, ಕಳುವಾದಾಗ ಮೊದಲ ಅನುಮಾನ. ದವಾಖಾನೆಗೆ ತೋರಿಸುವ ಒಂದು ಕಾರ್ಡು ಮಾತ್ರ ಕೊಟ್ಟಿರಲಿಲ್ಲ. ಅದು ಈ ದೇಶದವರಿಗೆ.

ಹೋದ ತಿಂಗಳು ಶಹಾಪುರದ ಇನ್ನೊಬ್ಬ ನೇಪಾಳಿ ಕಾವಲುಗಾರ, ಬೀರಣ್ಣನ ಹಳೆಯ ಗೆಳೆಯ, ಎದೆ ಹಿಡಿದುಕೊಂಡು ಒಂದು ದವಾಖಾನೆಯ ಬಾಗಿಲಿಗೆ ಹೋಗಿದ್ದ. ಕಾರ್ಡು ಕೇಳಿದರು. ಇಲ್ಲ ಎಂದ. ಹೊರಗಿನ ಬೆಂಚು ತೋರಿಸಿದರು. ಬೆಂಚಿಗೆ ಕಾರ್ಡು ಬೇಕಿರಲಿಲ್ಲ. ಅದರ ಮೇಲೆಯೇ ಅವನು ಮುಗಿದ. ಅವತ್ತಿನಿಂದ ಬೀರಣ್ಣನಿಗೆ ಮೆಟ್ಟಿಲು ಹತ್ತಿದಾಗಲೆಲ್ಲ ಎದೆಯೊಳಗೆ ಯಾರೋ ಬಾಗಿಲು ಬಡಿದಂತಾಗುತ್ತಿತ್ತು.

ಹಾಗಾಗಿ ಅವನು ವಿಮಾ ಏಜೆಂಟ ಲಕ್ಷ್ಮಿಕಾಂತನನ್ನು ಹಿಡಿದ. ಲಕ್ಷ್ಮಿಕಾಂತ ಬಜಾರಿನಲ್ಲೇ ತಿರುಗಾಡುವವನು. ಕೊರಳಲ್ಲಿ ಟೈ, ಕಾಲಲ್ಲಿ ಹವಾಯಿ ಚಪ್ಪಲಿ. ಮೇಲೆ ಕಂಪನಿ, ಕೆಳಗೆ ರಂಗಂಪೇಟೆ.

"ನಿಂದು ಯಾ ದೇಶ?" ಎಂದು ಮೊಬೈಲು ಒತ್ತುತ್ತ ಕೇಳಿದ್ದ.

"ರಂಗಂಪೇಟಿ."

"ಅದು ದೇಶ ಅಲ್ಲೋ ಮಾರಾಯ. ನೇಪಾಳ ಅಂತ ಹಾಕ್ತೀನಿ. ಹಾಂ, ನೀ ವಿದೇಶಿ ನಿವಾಸಿ."

ಬೀರಣ್ಣ ತನ್ನ ಲುಂಗಿಯನ್ನು ನೋಡಿಕೊಂಡ. ವಿದೇಶಿ ನಿವಾಸಿಗಳಿಗೆ ಕಂಪನಿಯಲ್ಲಿ ಮೂರೇ ಯೋಜನೆಗಳಿದ್ದವು. ಒಂದು ಓದಲು ಬಂದವರದು. ಬೀರಣ್ಣನ ನೆರೆತ ಮೀಸೆ ನೋಡಿ ಅದನ್ನು ಬಿಟ್ಟರು. ಒಂದು ಪ್ರವಾಸಕ್ಕೆ ಬಂದವರದು. ಅವರು ಮೂರು ತಿಂಗಳಲ್ಲಿ ಹೊರಟುಹೋಗಬೇಕು. "ನಾ ಇನ್ನ ಹೊರಟೇ ಇಲ್ಲಲ್ಲ," ಎಂದ ಬೀರಣ್ಣ. ಮೂರನೆಯದು, ಕಡಲತೀರದ ಊರುಗಳಲ್ಲಿ ನೆಲೆಸಿದ ನಿವೃತ್ತ ವಿದೇಶಿಯರ ಆರೋಗ್ಯ ಯೋಜನೆ. ಅದರ ಚಿತ್ರದಲ್ಲಿ ಟೊಪ್ಪಿಗೆ ಹಾಕಿದ ಬಿಳಿ ಮುದುಕ ಮುದುಕಿ ತೆಂಗಿನ ಗಿಡದ ಕೆಳಗೆ ಆರಾಮ ಕುರ್ಚಿಯಲ್ಲಿ ಒರಗಿಕೊಂಡು, ರೋಗ ಎಂದರೇನು ಎನ್ನುವ ಹಾಗೆ ನಗುತ್ತಿದ್ದರು.

"ನಮ್ಮೂರಾಗ ಸಮುದ್ರ ಎಲ್ಲದ?" ಎಂದು ಮೌನಮ್ಮ ಕೇಳಿದಳು.

"ಕೃಷ್ಣಾ ಹೊಳಿ ಅದಲ್ಲಬೇ. ನೀರಿನ ದಂಡಿ ಅಂತ ಹಾಕೀನಿ. ಕಂಪ್ಯೂಟರ್ ತಗೊಂಡದ. ಅದೇನು ಬಂದು ನೀರು ರುಚಿ ನೋಡ್ತದೇನು?"

"ಏನೇನು ಬರ್ತದ ಇದರಾಗ?"

ಲಕ್ಷ್ಮಿಕಾಂತ ಓದಿದ. ಈಜುವಾಗ ವಿಷದ ಮೀನು ಕಡಿದರೆ ಖರ್ಚು ಕಂಪನಿಯದು. ಹಲಗೆಯ ಮೇಲೆ ನಿಂತು ತೆರೆಯಲ್ಲಿ ಆಡುವಾಗ ಬಿದ್ದರೆ ಕಂಪನಿಯದು. ಬರಿಮೈಯಲ್ಲಿ ಬಿಸಿಲಿಗೆ ಮಲಗಿ ಸುಟ್ಟುಕೊಂಡರೆ ಕಂಪನಿಯದು.

"ಯಾದಗಿರಿ ಬಿಸಲಾಗ ಯಾರು ಬೇಕಂತ ಮಲಕೋತಾರೋ?" ಎಂದಳು ಮೌನಮ್ಮ. "ಹಾವು ಕಡದ್ರ?"

"ಸಮುದ್ರದ ಹಾವಾದ್ರ ಅದ."

"ಎದಿನೋವು?" ಇದನ್ನು ಕೇಳಿದವನು ಬೀರಣ್ಣ.

"ಅದೂ ಅದ. ಆದ್ರ ಸೋಮವಾರ ಮಧ್ಯಾಹ್ನ ಶಹಾಪುರದ ಕಂಪನಿ ಡಾಕ್ಟರ್ ಹತ್ರ ತಪಾಸಣಿ ಆಗ್ಬೇಕು. ಆದ ಮ್ಯಾಗ ಕಾರ್ಡು. ಅಲ್ಲಿತನಕ ಒಂದೇ ಒಂದು ಸವಲತ್ತು ಚಾಲೂ ಇರ್ತದ." ಲಕ್ಷ್ಮಿಕಾಂತ ದನಿ ಇಳಿಸಿ, ದೇವರ ಮುಂದೆ ನಿಂತವನಂತೆ ಹೇಳಿದ: "ಸತ್ರ, ತಣ್ಣನ ಪೆಟಗ್ಯಾಗ ಇಟ್ಟು, ವಿಮಾನದಾಗ ಸ್ವದೇಶಕ್ಕ ಮುಟ್ಟಸ್ತಾರ. ಫುಕ್ಕಟ."

ಬದುಕಿದವನನ್ನು ಶಹಾಪುರದ ತನಕ ಮುಟ್ಟಿಸುವ ಸವಲತ್ತು ಅದರಲ್ಲಿ ಇರಲಿಲ್ಲ. ಬೀರಣ್ಣ ಕೂಡಿಟ್ಟಿದ್ದನ್ನೆಲ್ಲ ತಂದು ಕೊಟ್ಟ.

ಆ ಸೋಮವಾರವೇ ಇದು. ಕಾಗೆ ಬೇರೆ ದಿನ ನೋಡಿಕೊಳ್ಳಬಹುದಿತ್ತು.

"ಇದಕ್ಕ ಒಂದ ಉಪಾಯ," ಎಂದಳು ರೇಣಮ್ಮ, ಸೆರಗು ಸಿಕ್ಕಿಸಿ ಒಳಗೆ ಬಂದು ಕೂತು. "ಇವ ಸತ್ತಾನ ಅಂತ ಇವನ ರಕ್ತದವ್ರಿಗೆ ಸುದ್ದಿ ಮುಟ್ಟಸ್ಬೇಕು. ಅವ್ರು ಖರೇ ಅಂತ ತಿಳದು ಅಳ್ಬೇಕು. ಕಣ್ಣೀರು ನೆಲಕ್ಕ ಬಿದ್ದ ಮ್ಯಾಗ, ಸುಳ್ಳರೀ, ಬದುಕ್ಯಾನ ಅಂತ ಹೇಳ್ಬೇಕು. ಯಮ ಬಂದಾಂವ ಅಳೂದು ಕೇಳಿ, ಇಲ್ಲಿ ಕೆಲಸ ಮುಗದದ ಅಂತ ವಾಪಸ್ ಹೋಗ್ತಾನ. ಅಲ್ಲಿತನಕ ಇವ ಯಾರಿಗೂ ಮುಖ ತೋರಸ್ಬಾರದು."

"ಇದೆಲ್ಲಾ ನಡೀತದೇನು?" ಎಂದ ಬೀರಣ್ಣ.

"ನಡೀತದೇನಂತ ಕೇಳ್ತಿಯಲ್ಲ! ನಮ್ಮ ಮಾವಗ ಹಿಂಗ ಆದಾಗ ಕೊಂಕಲ್‌ದಾಗ ಅವನ ತಂಗಿ ನೆಲಕ್ಕ ಬಿದ್ದು ಹೊಳ್ಳ್ಯಾಡಿ ಅತ್ಲು. ಆಮ್ಯಾಲ ಮಾವ ಇಪ್ಪತ್ತು ವರ್ಷ ಬದುಕಿ ನಮ್ಮೆಲ್ಲಾರನ್ನೂ ಅಳಿಸ್ದ."

ಮೌನಮ್ಮನ ಮುಖ ಸಣ್ಣಗಾಯಿತು. ಅವಳು ಕಾಗೆಯನ್ನು ನಂಬಿದಳೆಂದಲ್ಲ. ಶಹಾಪುರದ ಬೆಂಚನ್ನು ನಂಬಿದ್ದಳು. "ನಾನ ಅಳ್ತೀನಿ ತಗೋ," ಎಂದಳು.

"ನೀ ಹೆಂಡ್ತಿ. ರಕ್ತ ಅಲ್ಲ. ಅದೂ ಅಲ್ದ ಎದುರಿಗಿ ಕುಂತು ಅರ್ಧ ಗಡ್ಡ ತೆಗದಾನ, ಇವನ್ನ ನೋಡಿದ್ರ ಅಳು ಬರ್ತದೇನು?"

ನೇಪಾಳದಲ್ಲಿ ಒಬ್ಬ ಅಣ್ಣನಿದ್ದ. ಬೀರಣ್ಣ ಹಳೆಯ ನಂಬರಿಗೆ ಹಚ್ಚಿದ. ಒಬ್ಬ ಹೆಂಗಸು ಇಂಪಾದ ದನಿಯಲ್ಲಿ, ಅವನು ಮರೆತ ಭಾಷೆಯಲ್ಲಿ, ಅಂಥ ನಂಬರೇ ಇಲ್ಲವೆಂದು ಹೇಳಿದಳು. ಅವನು ಮತ್ತೊಮ್ಮೆ ಹಚ್ಚಿದ. ಆ ಭಾಷೆ ಕೇಳಿ ಬಹಳ ದಿನವಾಗಿತ್ತು.

ರೇಣಮ್ಮ ಸ್ವಲ್ಪ ಯೋಚಿಸಿ ಶಾಸ್ತ್ರವನ್ನು ಸಡಿಲಿಸಿದಳು. "ಮೂವತ್ತು ವರ್ಷ ಬಜಾರದ ಉಪ್ಪು ತಿಂದಾನ. ಉಪ್ಪಿನ ಋಣ ಅಂದ್ರ ರಕ್ತ ಇದ್ದಂಗ. ಅಷ್ಟು ಮಂದ್ಯಾಗ ಒಬ್ರಾದ್ರೂ ಅಳಂಗಿಲ್ಲೇನು? ಸುದ್ದಿ ಬಜಾರಕ್ಕ ಮುಟ್ಟಿಸು."

ಮುಟ್ಟಿಸುವ ಕೆಲಸ ಎದುರುಮನೆಯ ಖಾಜಾಮಿಯಾನ ಪಾಲಿಗೆ ಬಂತು. ಅವನದು ಬಜಾರಿನ ಬಾಯಲ್ಲಿ ಚಹಾದಂಗಡಿ. ಬೆಳಗಿನ ಜಾವ ಬೀರಣ್ಣನ ಕೊನೆಯ ಸೀಟಿಗೂ ಅವನ ಮೊದಲ ಚಹಾಕ್ಕೂ ಮೂವತ್ತು ವರ್ಷದ ದೋಸ್ತಿ. ಅವನು ಒಪ್ಪಲಿಲ್ಲ.

"ತೋಬಾ ತೋಬಾ! ಬದುಕಿದ್ದಾಂವನ ಮಯ್ಯತ್ ಖಬರ್ ನಾ ಹ್ಯಾಂಗ ಕೊಡ್ಲಿ? ನಮ್ಮಾಗ ಇಂಥಾದ್ದಿಲ್ಲ."

"ನಿಮ್ಮಾಗ ಇಲ್ಲ. ಕಾಗಿಗೆ ಗೊತ್ತದೇನು ನಿಂದು ಯಾ ಜಾತಿ, ಇವಂದು ಯಾ ದೇಶ ಅಂತ?" ಎಂದಳು ರೇಣಮ್ಮ. "ದೋಸ್ತ ಅಂತಿ. ನಾಳಿ ಖರೇನ ಏನಾರ ಆದ್ರ?"

ಖಾಜಾಮಿಯಾ ಬೀರಣ್ಣನ ಅರ್ಧ ಬೋಳಿಸಿದ ಮುಖ ನೋಡಿದ. ನಿಟ್ಟುಸಿರು ಬಿಟ್ಟು, ಬಜಾರದ ಮೊಬೈಲ್ ಗ್ರೂಪಿಗೆ ಒಂದೇ ಸಾಲು ಹಾಕಿದ: ನಮ್ಮ ಬೀರಣ್ಣ ಹೋದ.

ನಾಲ್ವರೂ ಮೊಬೈಲನ್ನು ನಡುವೆ ಇಟ್ಟುಕೊಂಡು, ಒಲೆಯ ಮೇಲೆ ಹಾಲಿಟ್ಟವರಂತೆ ಕಾದು ಕೂತರು.

ಮೊದಲು ಕೈಮುಗಿದ ಚಿತ್ರಗಳು ಬಂದವು. ಎಣ್ಣೆ ಅಂಗಡಿಯಿಂದ ಒಂದು, ಪಾತ್ರೆ ಅಂಗಡಿಯಿಂದ ಒಂದು. ಗೊಬ್ಬರದಂಗಡಿಯವನು ಅವಸರದಲ್ಲಿ ಹುಟ್ಟುಹಬ್ಬದ ಕೇಕು ಹಾಕಿ, ಅಳಿಸಿ, ಕೈಮುಗಿದ. ಆಮೇಲೆ ವ್ಯಾಪಾರಿ ಸಂಘದ ಅಧ್ಯಕ್ಷ, ಅರಿವೆ ಅಂಗಡಿಯ ಬಸಲಿಂಗ ಸಾಹುಕಾರನ ಸಂದೇಶ ಬಂತು: ಬಹಳ ದುಃಖದ ಸಂಗತಿ. ಇವತ್ತ ಬಜಾರ ಯಾರು ಕಾಯೋರು?

ಅಲ್ಲಿಂದ ಗ್ರೂಪು ಜೀವ ತಳೆಯಿತು. ಒಬ್ಬ ತನ್ನ ಭಾವಮೈದುನನ ಹೆಸರು ಹೇಳಿದ. ಒಬ್ಬ ಕ್ಯಾಮರಾ ಹಾಕಿಸೋಣ ಎಂದ. ಯಾವ ಕಂಪನಿಯ ಕ್ಯಾಮರಾ ಚೆನ್ನ ಎಂಬುದರ ಮೇಲೆ ಜಗಳವಾಯಿತು.

"ಅಳಾಕತ್ಯಾರೇನು?" ಎಂದು ಓದಲು ಬಾರದ ರೇಣಮ್ಮ ಕೇಳಿದಳು.

"ಕ್ಯಾಮರಾ ಆರಿಸಾಕತ್ಯಾರ," ಎಂದ ಖಾಜಾಮಿಯಾ, ಮೊಬೈಲು ತಿರುಗಿಸಿ ಇಡುತ್ತ.

ಬಸಲಿಂಗ ಸಾಹುಕಾರನ ಅಂಗಡಿಯ ಕೀಲಿಯನ್ನು ಬೀರಣ್ಣ ಪ್ರತಿ ರಾತ್ರಿ ಎಳೆದು ನೋಡುತ್ತಿದ್ದ. ಒಂದು ಸಲ ಕೀಲಿ ಹಾಕುವುದನ್ನೇ ಮರೆತಿದ್ದಾಗ, ಬೆಳಗಾಗುವ ತನಕ ಮೆಟ್ಟಿಲ ಮೇಲೆಯೇ ಕೂತಿದ್ದ. ಅದನ್ನು ಸಾಹುಕಾರನಿಗೆ ಹೇಳಿರಲಿಲ್ಲ. ಹೇಳಿದ್ದರೆ ಇವತ್ತು ಒಂದು ಹನಿ ಬರುತ್ತಿತ್ತೇನೋ.

ಆಗ ಬಾಗಿಲ ಹೊರಗೆ ಹವಾಯಿ ಚಪ್ಪಲಿಯ ಸದ್ದಾಯಿತು. ಲಕ್ಷ್ಮಿಕಾಂತನೂ ಆ ಗ್ರೂಪಿನಲ್ಲಿ ಇದ್ದ.

ರೇಣಮ್ಮ ಬೀರಣ್ಣನನ್ನು ಒಳಕೋಣೆಗೆ ನೂಕಿ, ಖಾಜಾಮಿಯಾನನ್ನು ಹಿತ್ತಲಿಗೆ ಕಳಿಸಿ, ಬಾಗಿಲಿಗೆ ಅಡ್ಡ ನಿಂತಳು. ಲಕ್ಷ್ಮಿಕಾಂತ ಟೈ ಸರಿಮಾಡಿಕೊಂಡು, "ಖರೇನ ಏನಬೇ?" ಎಂದ.

ಯಾರಾದರೂ ಅಳುವ ತನಕ ನಿಜ ಹೇಳುವಂತಿಲ್ಲ. ರೇಣಮ್ಮ ಶಾಸ್ತ್ರಕ್ಕೆ ದ್ರೋಹ ಬಗೆಯುವವಳಲ್ಲ. "ಖರೇನಪ್ಪ. ಕುಂತಾಂವ ಕುಂತಂಗ," ಎಂದು ಹೇಳಿ, ಅವನ ಕಣ್ಣನ್ನೇ ಆಸೆಯಿಂದ ನೋಡಿದಳು. ಅಲ್ಲಿ ನೀರಿರಲಿಲ್ಲ. ಹೊಳಪಿತ್ತು.

"ಮುಖ ನೋಡ್ತೀನಿ."

"ನೋಡಬಾರದು. ಕಾಗಿ ಮುಟ್ಟಿ ಸತ್ತದ್ದು."

ಲಕ್ಷ್ಮಿಕಾಂತ ಅಲ್ಲೇ ನಿಂತು ಫೋನು ಹಚ್ಚಿದ. ಅವನ ದನಿ ತಡಿಕೆಯ ಗೋಡೆ ದಾಟಿ ಒಳಗೆ ಬಂತು: "ಹೌದ್ರಿ ಸರ್, ವಿದೇಶಿ ಪ್ರಜೆ... ಕಡಲತೀರದ್ದೇ ಪಾಲಿಸಿ ಸರ್... ಹೌದ್ರಿ, ಇಡೀ ಜಿಲ್ಲಾದಾಗ ಮೊದಲ್ನೇ ಕ್ಲೇಮ್... ಗಾಡಿ ಯಾದಗಿರಿಯಿಂದ ಬರ್ಲಿ ಸರ್, ಹೈದರಾಬಾದಿಗೆ ಒಯ್ದು ಅಲ್ಲಿಂದ ವಿಮಾನ... ಜಾಹೀರಾತಿಗೆ ಫೋಟೋ, ವಿಡಿಯೋ ಎಲ್ಲಾ ಮಾಡಸ್ತೀನ್ರಿ. ಬಾಡಿ ಮನ್ಯಾಗ ಅದ ಸರ್."

ಮನೆಯಲ್ಲಿದ್ದ ಬಾಡಿ ಎದ್ದು ಕೂಗಲು ಬಾಯಿ ತೆರೆಯಿತು. ಮೌನಮ್ಮ ಹಿಟ್ಟಿನ ಕೈಯಿಂದ ಅದನ್ನು ಮುಚ್ಚಿದಳು. ಕೈ ತೆಗೆಯುವಷ್ಟರಲ್ಲಿ ಲಕ್ಷ್ಮಿಕಾಂತ ಬೈಕು ಹತ್ತಿ ಹೋಗಿದ್ದ.

"ಪಾಲಿಸಿ ಹೋತಲ್ಲಬೇ!" ಎಂದ ಬೀರಣ್ಣ. ಅವನ ತುಟಿಗೆ ಜೋಳದ ಹಿಟ್ಟು ಮೆತ್ತಿತ್ತು. "ಅವಗ ಫೋನ್ ಹಚ್ಚು!"

ಹಚ್ಚಿದರು. ಲಕ್ಷ್ಮಿಕಾಂತ ಬೇರೆಯವರೊಂದಿಗೆ ಮಾತಿನಲ್ಲಿದ್ದ. ಮತ್ತೆ ಹಚ್ಚಿದರು. ಮತ್ತೂ ಮಾತಿನಲ್ಲಿದ್ದ. ಬದುಕಿದ್ದಾಗ ಬೀರಣ್ಣನ ಬಗ್ಗೆ ಯಾರೂ ಇಷ್ಟು ಹೊತ್ತು ಮಾತಾಡಿರಲಿಲ್ಲ.

"ನಾ ಶಹಾಪುರಕ್ಕ ಹೋಗ್ತೀನಿ. ಡಾಕ್ಟರಗ ಖುದ್ದ ತೋರಸ್ತೀನಿ, ಉಸುರಾಡಾಕತ್ತೀನಿ ಅಂತ."

"ಮುಖ ಕಾಣಬಾರದು!" ಎಂದಳು ರೇಣಮ್ಮ, ಮತ್ತು ತನ್ನ ಮನೆಯಿಂದ ಕರಿಯ ಕಂಬಳಿ ತಂದು ಅವನ ತಲೆಯ ಮೇಲೆ ಎಳೆದಳು. ಮೇ ತಿಂಗಳು. ಆದರೂ ಕುರಿ ಹಿಂದೆ ಹೋಗುವವರು ಬೇಸಿಗೆಯಲ್ಲೂ ಕಂಬಳಿ ಬಿಡುವುದಿಲ್ಲ. ಬಸ್ಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಒಂದು ಹೆಂಗಸು ಮಾತ್ರ ಕುರಿಗಳು ಎಲ್ಲಿ ಎನ್ನುವಂತೆ ಅವನ ಕಾಲಬುಡ ನೋಡಿದಳು. ಅವಳು ಸಾಯಬಮ್ಮ, ಬಜಾರಿನ ಹಿಂದಿನ ಓಣಿಯವಳು. ಪಕ್ಕದಲ್ಲೇ ಕೂತಳು.

"ಗೂರ್ಖಾ ಹೋದನಂತಲ್ಲ, ನಮ್ಮ ರಂಗಂಪೇಟಿಯಾಂವ," ಎಂದಳು ಕಂಬಳಿಗೆ.

ಕಂಬಳಿಯೊಳಗೆ ಬೀರಣ್ಣನಿಗೆ ಆಸೆ ಹುಟ್ಟಿತು. ದನಿ ಬದಲಿಸಿ ಕೇಳಿದ: "ಚೊಲೋ ಮನಶ್ಯಾ ಇದ್ನಂತ. ಕೇಳಿದ್ರ ಅಳು ಬರ್ತದ, ಅಲ್ಲೇನಬೇ?"

"ನನಗ್ಯಾಕ ಅಳು? ಅವನ ಸೀಟಿಗೆ ಮೂವತ್ತು ವರ್ಷ ನಿದ್ದಿ ಇಲ್ಲ ನನಗ. ಇವತ್ತು ಹಾಸಿಗಿ ಝಾಡಿಸಿ ಹಾಸ್ಕೊಂಡು ಮಲ್ಕೋತೀನಿ."

ಹತ್ತಿಗುಡೂರ ದಾಟಿ ಶಹಾಪುರ ಹತ್ತಿರವಾದಾಗ ದೂರದಲ್ಲಿ ಮಲಗಿದ ಬುದ್ಧನ ಬೆಟ್ಟ ಕಾಣಿಸಿತು. ಎಷ್ಟೋ ಕಾಲದಿಂದ ಅಂಗಾತ ಮಲಗಿದ್ದರೂ ಅದನ್ನು ಸತ್ತಿದೆ ಎಂದು ಯಾರೂ ಬರೆದುಕೊಂಡಿರಲಿಲ್ಲ.

ಕಂಪನಿಯ ಡಾಕ್ಟರು ಚೇತನಕುಮಾರ, ಎಳೆಯ ವಯಸ್ಸಿನವನು. ನಂಬಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಬೀರಣ್ಣ ಕಂಬಳಿ ತೆಗೆದು ಹೆಸರು ಹೇಳಿದ. ಡಾಕ್ಟರು ಕಂಪ್ಯೂಟರಿನಲ್ಲಿ ನೋಡಿದ, ಬೀರಣ್ಣನನ್ನು ನೋಡಿದ, ಮತ್ತೆ ಕಂಪ್ಯೂಟರು ನೋಡಿದ.

"ಇದರಾಗ ನೀವು ತೀರಿಕೊಂಡೀರಿ."

"ಇಲ್ರಿ. ಇಲ್ಲೇ ನಿಂತೀನಿ."

"ನೀವು ನಿಂತೀರಿ ಖರೆ. ಇದು ಒಪ್ಪವಲ್ದು." ಡಾಕ್ಟರು ಎದೆಗೆ ನಳಿಕೆ ಹಚ್ಚಿ ಕೇಳಿದ. ಇನ್ನೊಮ್ಮೆ ಕೇಳಿದ. ಅವನ ಹುಬ್ಬು ಗಂಟಾಯಿತು.

"ಬಡ್ಕೊಳ್ಳಾಕತ್ತದೋ ಇಲ್ಲೋ? ಬರೀರಿ ಹಂಗಂತ," ಎಂದ ಬೀರಣ್ಣ.

"ಬಡ್ಕೊಳ್ಳಾಕತ್ತದ. ಬರಿಯಾಕ ಇದು ಜಾಗ ಕೊಡವಲ್ದು. ಆದ್ರ ಒಂದು ಮಾತು. ಇದು ಬಡ್ಕೊಳ್ಳೂ ರೀತಿ ಬರೋಬ್ಬರಿ ಇಲ್ಲ. ದೊಡ್ಡ ದವಾಖಾನಿಗೆ ಹೋಗಿ ತೋರಸ್ಬೇಕು. ಜಲ್ದಿ. ಕಾರ್ಡ್ ಅದ ಏನು?"

"ಅದಕ್ಕ ಬಂದೀನ್ರಿ."

ಡಾಕ್ಟರು ಕಂಪ್ಯೂಟರಿನಲ್ಲಿ ಮುಂದಿನ ಸಾಲು ಓದಿ ಹೇಳಿದ: "ಸಾವಿನ ಸುದ್ದಿ ಕೊಟ್ಟ ಏಜೆಂಟನೇ ಅದನ್ನ ವಾಪಸ್ ತಗೋಬೇಕು. ಗಾಡಿ ನಿಮ್ಮ ಮನಿ ಮುಂದ ಬಂದು ನಿಂತ್ರ ಕ್ಲೇಮ್ ಮುಗದಂಗ. ಯಾದಗಿರಿ ಬಿಟ್ಟದ ಅಂತ ತೋರ್ಸಾಕತ್ತದ. ಓಡ್ರಿ." ತಕ್ಷಣ ಬೀರಣ್ಣನ ಎದೆ ನೆನಪಾಗಿ ತಿದ್ದಿದ: "ಓಡಬ್ಯಾಡ್ರಿ. ಸಾವಕಾಶ ಜಲ್ದಿ ಹೋಗ್ರಿ."

ಸಾವಕಾಶ ಜಲ್ದಿ ಹೋಗುವ ಬಸ್ಸು ಈ ಭಾಗದಲ್ಲಿ ಇಲ್ಲ. ಸಾವಕಾಶ ಹೋಗುವುದು ಸಿಕ್ಕಿತು. ದಾರಿಯಲ್ಲಿ ಒಂದು ಬಿಳಿ ಗಾಡಿ ಸೈರನ್ ಹೊಡೆಯುತ್ತ ಅದನ್ನು ಹಿಂದೆ ಹಾಕಿ ಹೋಯಿತು. ಬಸ್ಸು ಪೂರ್ತಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಬೀರಣ್ಣ ಕಿಟಕಿಯಿಂದ ನೋಡಿದ. ಹೆಣ ಒಯ್ಯುವ ಗಾಡಿ ಸೈರನ್ ಹೊಡೆಯುತ್ತದೆಂದು ಗೊತ್ತಿಲ್ಲದ ಅವನಿಗೆ ತನ್ನ ಹೆಣಕ್ಕೆ ಎಷ್ಟು ಮರ್ಯಾದೆ ಎಂದು ಆಗ ತಿಳಿಯಲಿಲ್ಲ. ಯಾರೋ ಪುಣ್ಯವಂತರು ಎಂದುಕೊಂಡ.

ಸಂಜೆ ಅವನು ಓಣಿಗೆ ಬಂದಾಗ ಅದೇ ಗಾಡಿ ಅವನ ಮನೆಯ ಮುಂದೆ ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಪೆಟ್ಟಿಗೆ, ಪೆಟ್ಟಿಗೆಯಿಂದ ಬಿಳಿಯ ತಣ್ಣನೆ ಹೊಗೆ. ಮೇ ತಿಂಗಳ ಸೆಕೆಯಲ್ಲಿ ಅರ್ಧ ಬಜಾರು ಅಲ್ಲಿ ನೆರೆದಿತ್ತು, ಮತ್ತು ದುಃಖ ಎಲ್ಲಕ್ಕಿಂತ ದಟ್ಟವಾಗಿದ್ದದ್ದು ಗಾಡಿಯ ಬಾಗಿಲ ಹತ್ತಿರ. "ಜರಾ ಸರೀರಿ, ನಾನೂ ದರ್ಶನ ತಗೋತೀನಿ," ಎಂದು ಎಣ್ಣೆ ಅಂಗಡಿಯವನು ಅಂಗಿಯ ಗುಂಡಿ ಬಿಚ್ಚಿ ಒಳಗೆ ತಲೆ ಇಟ್ಟಿದ್ದ.

"ಬಾಗಲಾ ಮುಚ್ಚಬೇಕ್ರೀ, ಥಂಡಾ ಎಲ್ಲಾ ಹೊರಗ ಹೊಂಟದ!" ಎಂದು ಗಾಡಿಯ ಡ್ರೈವರ್ ಅಲ್ತಾಫ್ ಕೂಗುತ್ತಿದ್ದ. "ಮಯ್ಯತ್ ಎಲ್ಲದ? ಜಲ್ದಿ ತರ್ರಿ!"

ರೇಣಮ್ಮ ಬಾಗಿಲಲ್ಲಿ ಅಡ್ಡ ನಿಂತು ಒಬ್ಬೊಬ್ಬರ ಕಣ್ಣನ್ನೂ ತಪಾಸಣೆ ಮಾಡುತ್ತಿದ್ದಳು. ಕಟ್ಟೆಯ ಮೇಲೆ ಬಸಲಿಂಗ ಸಾಹುಕಾರ ಹಾರ ಹಿಡಿದು ಭಾಷಣ ಮಾಡುತ್ತಿದ್ದ. ಲಕ್ಷ್ಮಿಕಾಂತ ಅದನ್ನು ಕಂಪನಿಗೆ ಕಳಿಸಲು ವಿಡಿಯೋ ಮಾಡುತ್ತಿದ್ದ.

"ಮೂವತ್ತು ವರ್ಷದಾಗ ನಮ್ಮ ಬಜಾರದಾಗ ಒಂದು ದೊಡ್ಡ ಕಳುವಾಗಲಿಲ್ಲ. ಅವನು ನಮ್ಮವನೇ ಆಗಿದ್ದ. ನಮ್ಮ ಮನೆಯವನಾಗಿದ್ದ. ಅವನ ಜಾಗ ಯಾರೂ ತುಂಬಲಾರರು!"

ಅವನ ಹಿಂದೆಯೇ, ಓಣಿ ಬಜಾರಿಗೆ ಕೂಡುವ ಮೂಲೆಯ ಕಂಬಕ್ಕೆ ಏಣಿ ಹಾಕಿ ಇಬ್ಬರು ಕ್ಯಾಮರಾ ಬಿಗಿಯುತ್ತಿದ್ದರು.

ಬೀರಣ್ಣ ಗುಂಪು ಸೀಳಿಕೊಂಡು ಬಂದ. ಬೆವರಿನಲ್ಲಿ ತೊಯ್ದ ಕಂಬಳಿಯನ್ನು ಕಿತ್ತು ನೆಲಕ್ಕೆ ಒಗೆದ. "ಸಾಹುಕಾರ್ರ, ನಾ ಸತ್ತಿಲ್ಲ!"

ಭಾಷಣ ನಿಂತಿತು. ಏಣಿಯ ಮೇಲಿದ್ದವನು ಸ್ಪ್ಯಾನರು ಬೀಳಿಸಿದ. ಒಂದೇ ಕೆನ್ನೆ ಬೋಳಿಸಿದ ಮುಖವನ್ನು ಇಡೀ ಬಜಾರು ನೋಡಿತು. ಯಾರ ಮುಖದಲ್ಲೂ ಸಂತೋಷ ತಕ್ಷಣಕ್ಕೆ ಹುಡುಕಿದರೆ ಸಿಗುವಂತಿರಲಿಲ್ಲ. ಹಾರ ತಂದವರು ಹಾರದ ಕಡೆ ನೋಡಿಕೊಂಡರು.

ಲಕ್ಷ್ಮಿಕಾಂತನ ಕೈಯಿಂದ ಮೊಬೈಲು ಜಾರಿತು. "ನೀ... ಬದುಕೀಯೇನೋ?" ಎಂದ. ಕಟ್ಟೆಯ ಮೇಲೆ ಕೂತ. ಟೈನಿಂದ ಮುಖ ಮುಚ್ಚಿಕೊಂಡು, ತಾಯಿ ಸತ್ತವನಂತೆ, ಭುಜ ಕುಲುಕಿ ಅಳತೊಡಗಿದ. "ಯಾಕ ಬದುಕಿದ್ಯೋ ಬೀರಣ್ಣ! ಮುಂಬೈ ಆಫೀಸತನಕ ಹೇಳೀನಲ್ಲೋ! ನನ್ನ ನೌಕರಿ ಹೋತಲ್ಲೋ!"

"ಅತ್ತ! ಅತ್ತ!" ಎಂದು ಖಾಜಾಮಿಯಾ ಕುಣಿದ. "ರೇಣಮ್ಮಾ, ಒಬ್ಬಾಂವ ಅತ್ತ ನೋಡು!"

ರೇಣಮ್ಮ ಹತ್ತಿರ ಹೋಗಿ ಕಣ್ಣೀರನ್ನು ಪರೀಕ್ಷಿಸಿ ತಲೆಯಾಡಿಸಿದಳು. "ನಡಿಯಂಗಿಲ್ಲ. ಸತ್ತದ್ದಕ್ಕ ಅಳ್ಬೇಕು. ಇವ ಬದುಕಿದ್ದಕ್ಕ ಅಳಾಕತ್ತಾನ. ಇದು ಉಲ್ಟಾ."

ಬೀರಣ್ಣ ಲಕ್ಷ್ಮಿಕಾಂತನ ಭುಜ ಹಿಡಿದ. "ಅದೆಲ್ಲಾ ಹಾಳಾಗ್ಲಿ. ನನ್ನ ಕಾರ್ಡು ಕೊಡ್ಸು. ಎದಿ ಬರೋಬ್ಬರಿ ಇಲ್ಲ ಅಂದಾನ ಡಾಕ್ಟರು."

"ಎಲ್ಲಿ ಕಾರ್ಡು? ಗಾಡಿ ಬಂದು ನಿಂತದ. ಪಾಲಿಸಿ ಮುಗೀತು."

"ಹೊಸಾದು ಮಾಡು."

"ಸತ್ತವ್ರಿಗಿ ಹೊಸಾದು ಕೊಡಂಗಿಲ್ಲ. ಬದುಕೀನಿ ಅಂತ ಸರ್ಕಾರದಿಂದ ಬರಸ್ಕೊಂಡು ಬರ್ಬೇಕು."

"ತರ್ತೀನಿ. ಯಾ ಆಫೀಸು? ಸುರಪುರದಾಗೋ ಯಾದಗಿರ್ಯಾಗೋ?"

"ಇಲ್ಲಿ ಸರ್ಕಾರ ಇಲ್ಲಿಯವ್ರಿಗಷ್ಟ ಬದುಕ್ಯಾರಂತ ಬರದು ಕೊಡ್ತದ. ನಿಂದು ನೇಪಾಳದ ಸರ್ಕಾರ ಕೊಡ್ಬೇಕು. ಖುದ್ದ ಹೋಗ್ಬೇಕು."

"ನಾ ಹ್ಯಾಂಗ ಹೋಗ್ಲೋ ಅಲ್ಲಿಗೆ?"

ಅಲ್ತಾಫ್ ಗಾಡಿಯ ಬಾಗಿಲು ಹಾಕುತ್ತಿದ್ದವನು ಒಂದು ಕ್ಷಣ ನಿಂತ. "ನನ್ನ ಗಾಡಿ ಹೈದರಾಬಾದಿಗೆ ಹೊಂಟದ ಭಾಯ್, ಅಲ್ಲಿ ನಿಮ್ಮೂರಿನ ವಿಮಾನಕ್ಕ ಜಾಗಾನೂ ಹಿಡದಾರ," ಎಂದ ಕನಿಕರದಿಂದ. "ಆದ್ರ ಬದುಕಿದ್ದವ್ರನ್ನ ಹತ್ತಿಸಂಗಿಲ್ಲ. ರೂಲ್ಸ್."

ಬೀರಣ್ಣ ಬಸಲಿಂಗ ಸಾಹುಕಾರನ ಕಡೆ ತಿರುಗಿದ. "ಸಾಹುಕಾರ್ರ, ಈಗ ಹೇಳಿದ್ರಲ್ಲ, ನಮ್ಮವನೇ ಅಂತ. ನೀವಾರ ಒಂದು ಮಾತು ದವಾಖಾನಿಗೆ..."

"ಹೇಳೋಣಂತ, ಹೇಳೋಣಂತ," ಎಂದ ಸಾಹುಕಾರ, ಹಾರವನ್ನು ಮಡಚಿ ಚೀಲಕ್ಕೆ ಹಾಕುತ್ತ. "ಆದ್ರ ಬೀರಣ್ಣ, ಕ್ಯಾಮರಾ ಹಾಕಿಸಿಬಿಟ್ಟೀವಿ. ಬಿಚ್ಚಿದ್ರ ವಾಪಸ್ ತಗೊಳ್ಳಂಗಿಲ್ಲ ಅಂತಾರ. ನಿನಗೂ ವಯಸ್ಸಾತು. ಕ್ಯಾಮರಾಕ್ಕ ನೋಡು, ಎದಿನೋವು ಬರಂಗಿಲ್ಲ."

ಕಂಬದ ಮೇಲೆ ಕ್ಯಾಮರಾದ ಕೆಂಪು ದೀಪ ಹೊತ್ತಿತು. ಅದು ಬಜಾರಿನ ಮೇಲೆ ಹಾಯಿಸಿದ ಮೊದಲ ನೋಟದಲ್ಲಿ ಬೀರಣ್ಣನೇ ಇದ್ದ.

ಅವನು ಅಂಗಳದ ಕಲ್ಲಿನ ಮೇಲೆ ಕೂತ, ಬೆಳಿಗ್ಗೆ ಕೂತಲ್ಲೇ. ಒಣಗಿದ ಸೋಪು ಇನ್ನೂ ಕೆನ್ನೆಯಲ್ಲಿತ್ತು. ಮೌನಮ್ಮ ಬಂದು ಪಕ್ಕದಲ್ಲಿ ಕೂತು ಅವನ ಬೆನ್ನಿನ ಮೇಲೆ ಕೈಯಿಟ್ಟಳು.

"ಕಂಪನಿ ಸತ್ತಾನ ಅಂತು," ಎಂದ ಬೀರಣ್ಣ, ಲೆಕ್ಕ ಒಪ್ಪಿಸುವವನಂತೆ. "ಬಜಾರ ಸತ್ತಾನ ಅಂತು. ಸರ್ಕಾರಕ್ಕ ನಾ ಮೊದಲ ಇದ್ದಿದ್ದಿಲ್ಲ. ಇಷ್ಟು ಮಂದಿ ಸುಳ್ಳು ಹೇಳ್ತಾರೇನು? ಮೌನವ್ವ, ನಾ ಖರೇನ ಸತ್ತೀನಿ ಬಿಡು."

ಹೇಳಿದ ಮಾತನ್ನು ಅವನೇ ನಂಬಿದ. ನಂಬಿದೊಡನೆ ಅಳು ಬಂತು. ಯಾರೂ ಅಳದ ಆ ವೀರಬಹಾದುರನಿಗಾಗಿ, ಗುಡ್ಡ ಇಳಿದು ಬಂದ ಆ ಹುಡುಗನಿಗಾಗಿ, ಅವನು ಗೋಳೋ ಎಂದು ಅತ್ತ. ಹನಿಗಳು ಸೋಪಿನ ಮೇಲೆ ಗೆರೆ ಕೊರೆದು ಮಣ್ಣಿಗೆ ಬಿದ್ದವು.

ರೇಣಮ್ಮ ಬಾಗಿ ನೆಲ ನೋಡಿದಳು. ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಮುಖ ಅರಳಿತು.

"ಆತು! ಆತವ್ವ ಮೌನಮ್ಮ! ರಕ್ತದವ್ರು ಅಳ್ಬೇಕು ಅಂದಿದ್ದೆ. ಈ ಊರಾಗ ಇವನ ರಕ್ತದಾಂವ ಅಂದ್ರ ಇವ ಒಬ್ಬಾಂವನ. ಖರೇ ಅಂತ ತಿಳದು ಅಳ್ಬೇಕು ಅಂದಿದ್ದೆ, ತಿಳದಾನ. ನೆಲಕ್ಕೂ ಬಿತ್ತು. ಕಾಗಿದು ಕಳೀತು! ಬೀರಣ್ಣ, ಇನ್ನ ನಿನಗ ನೂರು ವರ್ಷ ಸಾವಿಲ್ಲ!"

ಕಾರ್ಡಿಲ್ಲದ, ಕೆಲಸವಿಲ್ಲದ ಆ ನೂರು ವರ್ಷಗಳನ್ನು ಬೀರಣ್ಣ ತಲೆಯೆತ್ತಿ ಒಮ್ಮೆ ನೋಡಿದ. ಆಮೇಲೆ, ಮೊದಲಿಗಿಂತ ಜೋರಾಗಿ ಅತ್ತ.